ಹದಿನೈದು ವರ್ಷದ ಕಾರಿನ ಪವರ್ ಸ್ಟಿಯರಿಂಗ್ ಸೋರುತ್ತಿದೆ, ಶಬ್ದವೂ ಇದೆ. ಹೊಸ ರ‍್ಯಾಕ್ (ಸ್ಟಿಯರಿಂಗ್ ತಿರುಗಿಸಿದ್ದನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವ ಅಡ್ಡ ಭಾಗ) ಹಾಕಿಸಬೇಕೇ, ರಿಪೇರಿ ಮಾಡಿದ್ದು ಸಾಕೇ?

ಶಬ್ದ ರ‍್ಯಾಕಿನದೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಮುಂದಿನ ಚಕ್ರವನ್ನು ಜಾಕ್‌ನಲ್ಲಿ ಎತ್ತಿ ಎಡಬಲಕ್ಕೆ ಅಲುಗಿಸಿದಾಗ ಟಕ್ ಟಕ್ ಎಂದರೆ ಹೆಚ್ಚಾಗಿ ಟೈ ರಾಡ್ ಎಂಡ್ (ರ‍್ಯಾಕನ್ನು ಚಕ್ರಕ್ಕೆ ಜೋಡಿಸುವ ಸರಳಿನ ತುದಿ) ಸವೆದಿರುತ್ತದೆ. ಮೇಲೆ ಕೆಳಗೆ ಆಡಿದರೆ ಬಾಲ್ ಜಾಯಿಂಟ್ (ಚಕ್ರವನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಗುಂಡು ಕೀಲು) ಅಥವಾ ಚಕ್ರದ ಬೇರಿಂಗ್. ಇವು ಯಾವತ್ತೂ ಹೊಸದೇ ಇರಲಿ. ಇಲ್ಲಿ ಚೌಕಾಸಿ ಬೇಡ.

ಸೋರುವುದು ರ‍್ಯಾಕಾದರೆ ರಬ್ಬರ್ ಬೂಟ್ (ತುದಿಯಲ್ಲಿರುವ ಮಡಿಕೆ ಕವಚ) ಸರಿಸಿ ಒಳಗಿನ ರಾಡ್ ನೋಡಿ. ಕಾಸರಗೋಡು, ಮಂಜೇಶ್ವರದ ಕಡೆ ಬೂಟ್ ಹರಿದ ಗಾಡಿ ಒಂದು ಮಳೆಗಾಲ ಓಡಿದರೆ ಸಾಕು, ಕೆಸರುನೀರು ಹೊಕ್ಕು ರಾಡ್ ತುಕ್ಕು ಹಿಡಿಯುತ್ತದೆ. ಉಗುರಿಗೆ ಸಿಗುವಷ್ಟು ಗುಳಿ ಬಿದ್ದಿದ್ದರೆ ಅದು ಹೊಸ ಸೀಲನ್ನೂ (ಆಯಿಲ್ ಸೋರದಂತೆ ತಡೆಯುವ ಬಳೆ) ಕೊರೆಯುತ್ತದೆ. ಅಂಥದ್ದಕ್ಕೆ ಬರೀ ಸೀಲ್ ಕಿಟ್ ಹಾಕಿಸಿದರೆ ದುಡ್ಡು ಹೊಳೆಗೆ ಹಾಕಿದಂತೆ. ರಾಡ್ ಕನ್ನಡಿಯಂತೆ ನುಣುಪಾಗಿದ್ದರೆ ರಿಪೇರಿ ಧಾರಾಳ ಸಾಕು.

ರೀಕಂಡೀಷನ್ ಮಾಡಿದ್ದು ಕೊಳ್ಳುವುದಾದರೆ ಬಣ್ಣ ಬಳಿದು ಹೊಳೆಸಿದ್ದನ್ನು ನಂಬಬೇಡಿ. ಸೀಲ್, ಬುಷ್, ಬೂಟ್ ಎಲ್ಲ ಬದಲಾಗಿದೆಯೇ, ಒತ್ತಡ ಕೊಟ್ಟು ಪರೀಕ್ಷಿಸಿದ್ದಾರೆಯೇ ಕೇಳಿ. ಗ್ಯಾರಂಟಿ ಬಿಲ್ಲಿನಲ್ಲೇ ಬರೆಸಿ. ಗುಜರಿಯಿಂದ ತಂದು ತೊಳೆದದ್ದು ಬೇಡವೇ ಬೇಡ. ಹೆಸರಿಲ್ಲದ ಅಗ್ಗದ ಹೊಸದಕ್ಕಿಂತ ನಿಮ್ಮ ಕಾರಿನದೇ ಒರಿಜಿನಲ್ ರ‍್ಯಾಕನ್ನು ಸರಿಯಾಗಿ ರಿಪೇರಿ ಮಾಡಿಸುವುದೇ ಎಷ್ಟೋ ಮೇಲು.

ಬಿಚ್ಚುವಾಗ ಸ್ಟಿಯರಿಂಗ್ ನೇರವಾಗಿ ನಿಲ್ಲಿಸಿ ಕಟ್ಟಿಡಬೇಕು. ಸುಮ್ಮನೆ ತಿರುಗಿದರೆ ಏರ್‌ಬ್ಯಾಗ್‌ನ ಕ್ಲಾಕ್ ಸ್ಪ್ರಿಂಗ್ (ಸ್ಟಿಯರಿಂಗ್ ಚಕ್ರದ ಹಿಂದಿನ ಸುರುಳಿ ವೈರು) ತುಂಡಾಗಬಹುದು. ಹಳೆ ಆಯಿಲ್ ಪೂರ್ತಿ ತೆಗೆದು ಪೈಪ್ ತೊಳೆಸಿ, ಅದರಲ್ಲಿನ ಲೋಹದ ಪುಡಿ ಹೊಸ ಸೀಲನ್ನು ತಿನ್ನುತ್ತದೆ. ಅಲೈನ್‌ಮೆಂಟ್ ಅದೇ ದಿನ ಮಾಡಿಸಿ.