ರಾತ್ರಿ ಕಟ್ಟಿಟ್ಟ ಬೋಟ್, ಬೆಳಿಗ್ಗೆ ಎರಡು ಬಕೆಟ್ ನೀರು

ಪ್ರಶ್ನೆ: ಸರ್, ನಾವು ಅಮೆರಿಕದ ಮಿನ್ನೆಸೋಟದಲ್ಲಿದ್ದೇವೆ. ಎರಡು ವರ್ಷದ ಹಿಂದೆ ಒಂದು ಹಳೆಯ ಮೋಟರ್ ಬೋಟ್ ತಗೊಂಡೆವು. 1989ರ ಮಾಡೆಲ್, 19 ಅಡಿ, 4.3 ಲೀಟರ್ ವಿ6 ಮರ್ಕ್ರೂಸರ್ ಎಂಜಿನ್, ಆಲ್ಫಾ ಒನ್ ಸ್ಟರ್ನ್‌ಡ್ರೈವ್. ಈ ಬೇಸಿಗೆಯಿಂದ ಒಳಗೆ ನೀರು ತುಂಬುತ್ತಿದೆ. ಸಂಜೆ ಒಣಗಿಸಿ, ಎಂಜಿನ್ ಆಫ್ ಮಾಡಿ, ಡಾಕ್‌ನಲ್ಲಿ ಕಟ್ಟಿ ಬಂದರೆ ಬೆಳಿಗ್ಗೆ ಎರಡು ಬಕೆಟ್ ನೀರು. ರಿಪೇರಿಯವರೊಬ್ಬರು ಹೊರಗಡೆ ಡ್ರೈವ್ ಸುತ್ತ ಸಿಲಿಕೋನ್ ಬಳಿದುಕೊಟ್ಟರು, ಏನೂ ಪ್ರಯೋಜನ ಆಗಲಿಲ್ಲ. ಆಗಸ್ಟ್‌ನಲ್ಲಿ ಮೂರು ವಾರ ಊರಿಗೆ ಬರುತ್ತಿದ್ದೇವೆ. ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕೋದು ಹೇಗೆ? ತಳದ ನೀರನ್ನು ಹೊರಹಾಕುವ ಪಂಪ್ ಆನ್ ಮಾಡಿ ಬೋಟನ್ನು ನೀರಲ್ಲೇ ಬಿಟ್ಟು ಬರಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ದಯವಿಟ್ಟು ಬಿಟ್ಟು ಬರಬೇಡಿ. ಒಂದು ಬಕೆಟ್‌ಗೆ 12 ಲೀಟರ್ ಅಂದುಕೊಂಡರೂ ರಾತ್ರಿಗೆ 24 ಲೀಟರ್, ದಿನಕ್ಕೆ ಸುಮಾರು 48 ಲೀಟರ್. ಮೂರು ವಾರಕ್ಕೆ ಸಾವಿರ ಲೀಟರ್, ಅಂದರೆ ಒಂದು ಟನ್ ನೀರು. ಪಂಪ್ ಇದೆಯಲ್ಲ ಅನ್ನಬಹುದು. ಆದರೆ ಆ ಪಂಪ್ ನಂಬಿಕೊಂಡಿರುವುದು ಒಂದು ಬ್ಯಾಟರಿಯನ್ನು. ಎಂಜಿನ್ ಓಡದೆ ಅದು ಚಾರ್ಜ್ ಆಗುವುದಿಲ್ಲ. ಬ್ಯಾಟರಿ ಸತ್ತ ಮೇಲೆ ಬೋಟ್ ಹಿಂದಕ್ಕೆ ಕುಸಿಯುತ್ತದೆ. ಇವತ್ತು ನೀರಿನ ಮಟ್ಟಕ್ಕಿಂತ ಮೇಲಿರುವ ತೂತುಗಳೂ ಆಗ ಕೆಳಗೆ ಹೋಗುತ್ತವೆ. ಅಲ್ಲಿಂದ ಮುಂದೆ ಮುಳುಗಲು ಹೆಚ್ಚು ಹೊತ್ತು ಬೇಡ. ಟ್ರೈಲರ್ ಮೇಲೆ ಹತ್ತಿಸಿ, ತಳದ ಡ್ರೈನ್ ಪ್ಲಗ್ ಬಿಚ್ಚಿಟ್ಟು ಬನ್ನಿ.

ಇನ್ನು ಹುಡುಕುವ ವಿಷಯ. ಎಲ್ಲರೂ "ಎಲ್ಲಿಂದ" ಅಂತ ಶುರು ಮಾಡುತ್ತಾರೆ. ನಾನು "ಯಾವಾಗ" ಅಂತ ಕೇಳುತ್ತೇನೆ. ಅದನ್ನು ನೀವೇ ಬರೆದಿದ್ದೀರಿ. ಎಂಜಿನ್ ಆಫ್ ಇದ್ದಾಗಲೂ ನೀರು ಬರುತ್ತಿದೆ. ಈ ಒಂದೇ ಮಾತಿಂದ ಅರ್ಧ ಪಟ್ಟಿ ಬದಿಗಿಡಬಹುದು. ಎಕ್ಸಾಸ್ಟ್ ಮ್ಯಾನಿಫೋಲ್ಡ್, ಎಂಜಿನ್ನಿನ ವಾಟರ್ ಪಂಪ್, ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಒಡೆದ ಬ್ಲಾಕ್, ಇವೆಲ್ಲ ಸಾಮಾನ್ಯವಾಗಿ ಎಂಜಿನ್ ಓಡುವಾಗ ಸೋರುತ್ತವೆ. ಆದರೂ ಒಮ್ಮೆ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಬೆರೆತ ಕಾಫಿ ಥರ ಕಂಡರೆ ಎಂಜಿನ್ ಸ್ಟಾರ್ಟ್ ಮಾಡಬೇಡಿ, ಅದು ಬೇರೆಯೇ ಕಾಯಿಲೆ.

ಹಾಗಾದರೆ ಉಳಿದಿದ್ದು ಏನು? ಸ್ಟರ್ನ್‌ಡ್ರೈವ್ ಅಂದರೆ ಎಂಜಿನ್ ಒಳಗೆ, ಪ್ರೊಪೆಲರ್ ಇರುವ ಕಾಲು, ಅಂದರೆ ಡ್ರೈವ್, ಹೊರಗೆ. 1959ರಲ್ಲಿ ವೋಲ್ವೊ ಪೆಂಟಾದವರು ಅಕ್ವಾಮ್ಯಾಟಿಕ್ ಅಂತ ಇದನ್ನು ತಂದಾಗಿನಿಂದ ಇದರ ಅನುಕೂಲವೂ ಅದೇ, ತಲೆನೋವೂ ಅದೇ. ಬೋಟಿನ ಹಿಂಗೋಡೆಯಲ್ಲಿ, ಅಂದರೆ ಟ್ರಾನ್ಸಮ್‌ನಲ್ಲಿ, ದೊಡ್ಡ ತೂತು ಕೊರೆದೇ ಇದನ್ನು ಕೂರಿಸಬೇಕು. ಆ ಕಾಲು ಎಡಬಲ ತಿರುಗಬೇಕು, ಮೇಲೆ ಕೆಳಗೆ ಆಡಬೇಕು. ಅದಕ್ಕೇ ನಡುವೆ ರಬ್ಬರ್ ಬೆಲೋಸ್ ಇರುತ್ತವೆ. ಹಾರ್ಮೋನಿಯಂ ತಿದಿ ನೋಡಿದ್ದೀರಲ್ಲ, ಹಾಗೆ ಮಡಿಕೆ ಮಡಿಕೆ. ಕಾರಿನ ಆಕ್ಸಲ್ ಬೂಟ್ ಹರಿದರೆ ಗ್ರೀಸ್ ಹೊರಗೆ ಬರುತ್ತದೆ. ಇಲ್ಲಿ ಹರಿದರೆ ಕೆರೆಯೇ ಒಳಗೆ ಬರುತ್ತದೆ.

ನಿಮ್ಮ ಆಲ್ಫಾದಲ್ಲಿ ಇಂಥವು ಮೂರು. ದೊಡ್ಡದು ಯೂನಿವರ್ಸಲ್ ಜಾಯಿಂಟ್, ಅಂದರೆ ಶಾಫ್ಟ್ ಬಾಗಿಕೊಂಡೇ ತಿರುಗಲು ಬಿಡುವ ಕೀಲು, ಅದರ ಮೇಲಿನದು. ಅದರ ಕೆಳಗೆ ಎಕ್ಸಾಸ್ಟ್‌ನದು. ಅದು ಹರಿದರೆ ನೇರವಾಗಿ ಬೋಟಿಗೆ ನೀರು ಬರುವುದಿಲ್ಲ. ಮೂರನೆಯದು ಗೇರ್ ಕೇಬಲ್‌ದು, ತೀರಾ ಚಿಕ್ಕದು. ಜನ ಮರೆಯುವುದು ಇದನ್ನೇ. ಕಟ್ಟಿಟ್ಟ ಬೋಟನ್ನು ಸದ್ದಿಲ್ಲದೆ ಮುಳುಗಿಸುವುದೂ ಇದೇ. ನಿಮ್ಮ ಕಡೆಯ ಕೆರೆಗಳಲ್ಲಿ ಮಸ್ಕ್‌ರ್ಯಾಟ್ ಅನ್ನುವ ಇಲಿ ಜಾತಿಯ ಪ್ರಾಣಿ ಇದೆಯಲ್ಲ, ಅದು ಈ ರಬ್ಬರನ್ನು ಕಡಿಯುವುದೂ ಉಂಟು. ಹಲ್ಲಿನ ಗುರುತು ಕಂಡರೆ ಆಶ್ಚರ್ಯ ಪಡಬೇಡಿ.

ಆದರೂ ಬೆಲೋಸ್ ಅಂತ ಈಗಲೇ ತೀರ್ಮಾನಕ್ಕೆ ಬರಬೇಡಿ. ಒಮ್ಮೆ ನಾನು ಹಾಗೆ ಮಾಡಿ ಮೂರೂ ಬದಲಾಯಿಸಿದ್ದೆ. ನೀರು ಬರುತ್ತಿದ್ದುದು ಡ್ರೈನ್ ಪ್ಲಗ್ ಕೂರುವ ಹಿತ್ತಾಳೆ ಬಳೆಯ ಸಡಿಲ ಸ್ಕ್ರೂನಿಂದ. ಎರಡು ದಿನದ ಕೆಲಸ ದಂಡವಾಯಿತು, ಬೋಟಿನವರ ದುಡ್ಡೂ ಹೋಯಿತು. ಅವತ್ತಿಂದ ಕಣ್ಣಿಂದ ನೀರು ಕಾಣುವವರೆಗೆ ನಾನು ಸ್ಪ್ಯಾನರ್ ಎತ್ತುವುದಿಲ್ಲ.

ಹೀಗೆ ಮಾಡಿ. ಎಂಜಿನ್ ಮುಚ್ಚಳ ತೆಗೆದು ಮೊದಲು ಮೂಗಿನಿಂದ ನೋಡಿ. ಪೆಟ್ರೋಲ್ ವಾಸನೆ ಇದ್ದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಗಾಳಿಗೆ ಬಿಟ್ಟು ಮೊದಲು ಅದನ್ನು ಸರಿಮಾಡಿಸಿ. ಇಲ್ಲದಿದ್ದರೆ ಬ್ಲೋವರನ್ನು, ಅಂದರೆ ಎಂಜಿನ್ ಜಾಗದ ಗಾಳಿಯನ್ನು ಹೊರಹಾಕುವ ಫ್ಯಾನನ್ನು, ನಾಲ್ಕು ನಿಮಿಷ ಓಡಿಸಿ, ಆಮೇಲೆ ಕೆಲಸ. ತಳದ ನೀರೆಲ್ಲ ತೆಗೆಯಿರಿ. ಎಣ್ಣೆ ಇದ್ದರೆ ಹೀರುವ ಪ್ಯಾಡ್ ಹಾಕಿ, ಕೆರೆಗೆ ಬಿಡಬೇಡಿ. ಒಣ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲಿ. ಪಂಪಿನ ಆಟೋ ಸ್ವಿಚ್ ಆಫ್ ಮಾಡಿ. ಪಂಪ್ ಓಡುತ್ತಿದ್ದರೆ ನಿಮಗೆ ಏನೂ ಗೊತ್ತಾಗುವುದಿಲ್ಲ. ಆದರೆ ಬೋಟ್ ಬಿಟ್ಟು ಎಲ್ಲೂ ಹೋಗಬೇಡಿ.

ಈಗ ಎಂಜಿನ್ ಮುಂದೆ ತಳದಲ್ಲಿ ಒಂದು ಹಳೆ ಟವೆಲ್ ಸುರುಳಿ ಮಾಡಿ ಅಡ್ಡ ಒತ್ತಿ ಇಡಿ, ಗದ್ದೆಗೆ ಬದು ಹಾಕಿದ ಹಾಗೆ. ನೀರು ಬದುವಿನ ಮುಂದೆ ನಿಂತರೆ ಅದು ಮುಂಭಾಗದಿಂದ ಬರುತ್ತಿದೆ, ಡ್ರೈವ್‌ನದು ತಪ್ಪಿಲ್ಲ. ಹಿಂದೆಯೇ ನಿಂತರೆ ಟ್ರಾನ್ಸಮ್ ಕಡೆ ನೋಡಬೇಕು.

ಟ್ರಾನ್ಸಮ್‌ನ ಒಳಗೋಡೆಗೆ ಟಾಲ್ಕಮ್ ಪೌಡರ್ ಉದುರಿಸಿ. ಮನೆಯಲ್ಲಿದೆ ಅಂತ ರಂಗೋಲಿ ಪುಡಿ ತರಬೇಡಿ. ಅದು ಕಲ್ಲಿನ ಪುಡಿ, ಪಂಪಿನ ಜಾಲರಿಗೆ ಹೋಗಿ ಕೂರುತ್ತದೆ. ಆಮೇಲೆ ಸುಮ್ನೆ ಕೂತು ನೋಡಿ. ಎಂಜಿನ್ ಮತ್ತು ಗೋಡೆ ನಡುವೆ ತಲೆ ಹೋಗುವಷ್ಟು ಜಾಗ ಇರುವುದಿಲ್ಲ. ಟಾರ್ಚ್ ಹಾಕಿ, ಮೊಬೈಲ್ ಹಿಡಿದ ಕೈ ಚಾಚಿ ವಿಡಿಯೊ ತೆಗೆಯಿರಿ. ಅರ್ಧ ಗಂಟೆಯಲ್ಲಿ ಪೌಡರ್ ಮೇಲೆ ಒಂದು ಕಪ್ಪು ಗೆರೆ ಮೂಡುತ್ತದೆ. ಗೆರೆಯ ತುದಿಯಲ್ಲಿ ಹನಿ ದಪ್ಪಗಾಗಿ, ನಿಂತು, ಬಿದ್ದು, ಇನ್ನೊಂದು ಹನಿ ಬರುತ್ತದೆ. ನಿಮಗೆ ಬೇಕಾದ್ದು ಆ ಗೆರೆ ಶುರುವಾಗುವ ಮೇಲಿನ ತುದಿ.

ಎಂಜಿನ್ನಿನ ಹಿಂದೆ ಶಾಫ್ಟ್ ಹೊರಗೆ ಹೋಗುವ ಕೊಳವೆಯ ಬಾಯಿಂದ ಹನಿ ಬರುತ್ತಿದ್ದರೆ ದೊಡ್ಡ ಬೆಲೋಸ್ ಹರಿದಿದೆ. ನೀರು ಆ ಶಾಫ್ಟನ್ನು ಹಿಡಿದಿರುವ ಗಿಂಬಲ್ ಬೇರಿಂಗ್ ದಾಟಿಯೇ ಒಳಗೆ ಬಂದಿರುತ್ತದೆ. ಬೋಟ್ ತಿರುಗಿಸುವಾಗ ಹಿಂದಿನಿಂದ ಗುರ್ ಅಂತ ಸದ್ದು ಬರುತ್ತಿದ್ದರೆ ಬೇರಿಂಗ್ ಕೂಡ ಹೋಗಿದೆ. ಗೇರ್ ಕೇಬಲ್ ಒಳಬರುವ ಜಾಗದಲ್ಲಿ ಹನಿ ಇದ್ದರೆ ಚಿಕ್ಕ ಬೆಲೋಸ್, ಅಥವಾ ಕೇಬಲ್ಲಿನ ಹೊರಪದರವೇ ಬಿರಿದಿರಬಹುದು. ಆಗ ನೀರು ಕೇಬಲ್ ಒಳಗಿಂದಲೇ ಹರಿದು ಬರುತ್ತದೆ. ಕೂಲಿಂಗ್ ನೀರಿನ ಹೋಸ್ ಟ್ರಾನ್ಸಮ್ ಸೇರುವ ಕಡೆಯನ್ನೂ ಟಿಶ್ಯೂ ಒತ್ತಿ ನೋಡಿ. ಅದು ತಗ್ಗಿನಲ್ಲಿದೆ, ಎಂಜಿನ್ ಆಫ್ ಇದ್ದರೂ ಸೋರಬಹುದು. ಮೇಲೆ ಸ್ಟಿಯರಿಂಗ್ ಶಾಫ್ಟ್ ಕೆಳಗೆ ತುಕ್ಕಿನ ಕಲೆ ಇದ್ದರೆ ಅದರ ಸೀಲ್ ಸವೆದಿದೆ. ಆದರೆ ಅದು ಬೋಟ್ ಹಿಂದಕ್ಕೆ ಓಡಿಸುವಾಗ, ಹಿಂಭಾಗದಲ್ಲಿ ಜನ ಕೂತಾಗ ಜಾಸ್ತಿ. ನಿಮ್ಮ ರಾತ್ರಿಯ ನೀರಿಗೆ ಅದೊಂದೇ ಕಾರಣ ಆಗಿರಲಾರದು.

ಹನಿ ಕಂಡಿತು, ಆದರೂ ಅನುಮಾನ ಇದೆ ಅಂದರೆ ಇನ್ನೊಂದು ಪರೀಕ್ಷೆ ಇದೆ. ಡ್ರೈವ್ ಪೂರ್ತಿ ಕೆಳಗೆ, ನೇರವಾಗಿ ಇಟ್ಟು ಒಂದು ಗಂಟೆ ನೋಡಿ. ಆಮೇಲೆ ಪೂರ್ತಿ ಮೇಲೆತ್ತಿ ಒಂದು ಪಕ್ಕಕ್ಕೆ ತಿರುಗಿಸಿ, ಇನ್ನೊಂದು ಗಂಟೆ. ಪವರ್ ಸ್ಟಿಯರಿಂಗ್ ಇದ್ದರೆ ಎಂಜಿನ್ ಆಫ್ ಆದ ಮೇಲೆ ಬಿಗಿಯಾಗುತ್ತದೆ, ಸ್ವಲ್ಪ ಬಲ ಬೇಕು. ಹನಿಯ ವೇಗ ಬದಲಾದರೆ ಬೆಲೋಸೇ ಅಂತ ಹೆಚ್ಚುಕಡಿಮೆ ಖಾತ್ರಿ. ರಬ್ಬರಿನ ಬಿರುಕು ಮಡಿಕೆಯ ತಳದಲ್ಲಿರುತ್ತದೆ, ಹಿಗ್ಗಿದಾಗ ಬಾಯಿ ಬಿಡುತ್ತದೆ. ಹಳೆ ಬೋಟ್ ಕೊಳ್ಳುವವರಿಗೂ ಇದನ್ನೇ ಹೇಳುತ್ತೇನೆ. ಡ್ರೈವ್ ಮೇಲೆತ್ತಿ, ಮಡಿಕೆ ಬಿಡಿಸಿ, ಟಾರ್ಚ್ ಹಾಕಿ ನೋಡಿ.

ಟ್ರೈಲರ್ ಮೇಲಿಟ್ಟು ಒಳಗೆ ನೀರು ತುಂಬಿಸಿ ಹೊರಗೆ ಎಲ್ಲಿ ಸೋರುತ್ತದೆ ನೋಡು ಅಂತ ಕೆಲವರು ಹೇಳುತ್ತಾರೆ. ಒಳ್ಳೆ ಉಪಾಯ, ಆದರೆ ನಾಲ್ಕೈದು ಇಂಚು ಸಾಕು. ಎಂಜಿನ್ನಿನ ಸ್ಟಾರ್ಟರ್ ಮೋಟರ್ ತಳದಲ್ಲೇ ಇದೆ, ಅದು ನೆನೆಯಬಾರದು. ಡ್ರೈನ್ ಪ್ಲಗ್, ತಳದ ಸ್ಕ್ರೂ, ಬಿರುಕು ಇದರಲ್ಲಿ ಸಿಗುತ್ತವೆ. ಬೆಲೋಸ್ ಸಿಗುವುದಿಲ್ಲ, ಯಾಕೆಂದರೆ ಅಷ್ಟು ನೀರು ಬೇರಿಂಗ್ ಎತ್ತರಕ್ಕೆ ಏರುವುದೇ ಇಲ್ಲ. ಇದು ಗೊತ್ತಿಲ್ಲದೆ "ಬೆಲೋಸ್ ಸರಿ ಇದೆ" ಅಂದುಕೊಂಡು ಮೋಸ ಹೋಗುವವರು ಬಹಳ.

ಸಿಲಿಕೋನ್ ಬಗ್ಗೆ. ಟ್ರಾನ್ಸಮ್ ಮತ್ತು ಗಿಂಬಲ್ ಹೌಸಿಂಗ್, ಅಂದರೆ ಡ್ರೈವನ್ನು ಹೊರಗಿನಿಂದ ಹಿಡಿದಿಡುವ ಲೋಹದ ಚೌಕಟ್ಟು, ಇವುಗಳ ನಡುವೆ ಒಂದು ರಬ್ಬರ್ ಸೀಲ್ ಇದೆ. ಅದು ಕೆಟ್ಟಿದ್ದರೆ ಮೇಲಿಂದ ಬಳಿದರೆ ನಿಲ್ಲುವುದಿಲ್ಲ, ಎಂಜಿನ್ ಇಳಿಸಿಯೇ ಬದಲಾಯಿಸಬೇಕು. ಅದಕ್ಕಿಂತ ನನಗೆ ಚಿಂತೆ ಟ್ರಾನ್ಸಮ್ ಒಳಗಿನ ಪ್ಲೈವುಡ್‌ನದು. ಮಡಕೆ ಬಡಿದು ನೋಡುವ ಹಾಗೆ ಸ್ಕ್ರೂಡ್ರೈವರ್ ಹಿಡಿಯಿಂದ ಟ್ರಾನ್ಸಮ್ ಉದ್ದಕ್ಕೂ ಬಡಿಯಿರಿ. ಟಕ್ ಟಕ್ ಅಂದರೆ ಗಟ್ಟಿ. ಒಂದು ಕಡೆ ಡಬ್ ಅಂತ ಸತ್ತ ಸದ್ದು ಬಂದರೆ ಮರ ಕೊಳೆತಿರಬಹುದು. ಹಾಗಿದ್ದರೆ ಬೆಲೋಸ್‌ಗೆ ದುಡ್ಡು ಹಾಕುವ ಮೊದಲು ಚೆನ್ನಾಗಿ ಯೋಚಿಸಿ. ಟ್ರಾನ್ಸಮ್ ಕಟ್ಟಿಸುವ ಖರ್ಚು ಬೋಟಿನ ಬೆಲೆಗಿಂತ ಜಾಸ್ತಿ ಆಗಬಹುದು.

ಬೆಲೋಸ್ ಅಂತಲೇ ಸಾಬೀತಾದರೆ ಒಂದನ್ನೇ ಹಾಕಿಸಬೇಡಿ. ಡ್ರೈವ್ ಆರು ನಟ್ ಬಿಚ್ಚಿದರೆ ಕಳಚುತ್ತದೆ. ಕಷ್ಟ ಇರುವುದು ಆಮೇಲೆ, ಬೆಲೋಸ್ ಕೂರುವ ಬೆಲ್ ಹೌಸಿಂಗಿನ ಪಿನ್ನುಗಳಿಗೆ ಬೇರೆ ಟೂಲೇ ಬೇಕು. ಅಷ್ಟು ಬಿಚ್ಚಿದ ಮೇಲೆ ಮೂರೂ ಬೆಲೋಸ್, ಕೇಬಲ್, ನೀರಿನ ಹೋಸ್ ಹೊಸದು ಹಾಕಿಸಿ. ಬೇರಿಂಗನ್ನು ಬೆರಳಿಂದ ತಿರುಗಿಸಿ ನೋಡಿ, ಮರಳು ಸಿಕ್ಕಿದಂತಿದ್ದರೆ ಅದನ್ನೂ ಬದಲಾಯಿಸಿ. ಜೋಡಿಸುವ ಮೊದಲು ಅಲೈನ್‌ಮೆಂಟ್ ಬಾರ್ ಹಾಕಿ ಎಂಜಿನ್, ಬೇರಿಂಗ್ ಒಂದೇ ನೇರದಲ್ಲಿವೆಯಾ ಅಂತ ನೋಡಿದ್ದೀರಾ ಎಂದು ಮೆಕ್ಯಾನಿಕ್‌ನ ಕೇಳಿ. ಇನ್ನು ಮುಂದೆ ಬೋಟ್ ನಿಲ್ಲಿಸಿಡುವಾಗ ಡ್ರೈವ್ ಕೆಳಗೇ ಇರಲಿ. ಮೇಲೆತ್ತಿಟ್ಟರೆ ರಬ್ಬರ್ ಎಳೆದ ಹಾಗೆಯೇ ಗಟ್ಟಿಯಾಗುತ್ತದೆ.

ಊರಿಗೆ ಹೊರಡುವ ಮೊದಲು ಪೌಡರ್ ಪರೀಕ್ಷೆ ಮಾಡಲು ಆದರೆ ಆ ಗೆರೆಯ ಫೋಟೊ ಕಳಿಸಿ. ಕೇಬಲ್ ಕಡೆಯದಾ, ಶಾಫ್ಟ್ ಕಡೆಯದಾ ಅಂತ ನೋಡಿ ಹೇಳುತ್ತೇನೆ.