ಮೇಲಿನ ಮನೆಯ ನೀರು ಮತ್ತು ನಿಮ್ಮ ಹಾರ್ಮೋನಿಯಂ

ಮೇಲಿನ ಮನೆಯವರ ವಾಷಿಂಗ್ ಮಷಿನ್ನಿನ ಪೈಪು ಕಳಚಿ, ನಿಮ್ಮ ಲ್ಯಾಪ್‌ಟಾಪೂ ಕುಮಟಾದಿಂದ ಹೊತ್ತು ತಂದ ಹಾರ್ಮೋನಿಯಂ ಕೂಡ ಹಾಳಾದವು. ಜರ್ಮನಿಗೆ ಬಂದ ಹೊಸತರಲ್ಲೇ ಪರಿಹಾರ ಕೇಳಿದರೆ ನೆರೆಯವರೊಂದಿಗೆ ಮನಸ್ತಾಪವಾಗುತ್ತದೆಯೇ ಎಂದು ಬರೆದಿದ್ದೀರಿ. ಆಗುವುದಿಲ್ಲ, ಕೇಳಿ.

ಈ ಅಂಜಿಕೆ ಊರಿನದು. ನಮ್ಮ ಶಿರಸಿ ಕಡೆ ಪಕ್ಕದವರ ದನ ತೋಟಕ್ಕೆ ನುಗ್ಗಿ ಅಡಿಕೆ ಸಸಿ ತಿಂದರೂ, ಅದನ್ನು ದೊಡ್ಡಿಗೆ ಅಟ್ಟಿದವನೇ ಕೆಟ್ಟವನು. ಮುಂದಿನ ಮದುವೆಗೆ ಕರೆಯೋಲೆಯೂ ಬರುವುದಿಲ್ಲ. ಇಲ್ಲಿ ಬಹುತೇಕರ ಬಳಿ ಹಾಫ್ಟ್‌ಫ್ಲಿಖ್ಟ್ ಎಂಬ ವಿಮೆ ಇರುತ್ತದೆ. ತಮ್ಮಿಂದ ಬೇರೆಯವರಿಗಾದ ನಷ್ಟ ತುಂಬಿಕೊಡಲೆಂದೇ ಅದಕ್ಕೆ ಕಂತು ಕಟ್ಟುತ್ತಾರೆ. ಬಾಗಿಲು ತಟ್ಟಿ ಪಾಲಿಸಿ ಸಂಖ್ಯೆ ಕೇಳಿದರೆ ಯಾರೂ ಮುಖ ಗಂಟಿಕ್ಕುವುದಿಲ್ಲ.

ಒರೆಸುವ ಮೊದಲೇ ಫೋಟೊ ತೆಗೆಯಬೇಕಿತ್ತು. ಒರೆಸಿದ್ದರೆ ಉಳಿದದ್ದನ್ನಾದರೂ ತೆಗೆಯಿರಿ. ಹಾರ್ಮೋನಿಯಮ್ಮಿನ ತಿದಿಯ ಅಂಟು ಬಿಟ್ಟಿರುವುದು, ಬಿಳಿ ಕರಿ ಕೀಗಳು ಉಬ್ಬಿ ಸಿಕ್ಕಿಕೊಂಡಿರುವುದು ಹತ್ತಿರದಿಂದ ಕಾಣಲಿ. ಕೆಟ್ಟ ವಸ್ತುವನ್ನು ಎಸೆಯಬೇಡಿ, ವಿಮಾ ಕಂಪನಿಯವರು ನೋಡಬೇಕೆನ್ನಬಹುದು. ಚಾವಣಿಯ ಕಲೆ ಮನೆ ಮಾಲೀಕರ ಪಾಲಿನದು, ಅವರಿಗೆ ಇಂದೇ ಬರೆದು ತಿಳಿಸಿ.

ಹಣದ ವಿಷಯದಲ್ಲಿ ಮಾತ್ರ ಆಸೆ ಹತೋಟಿಯಲ್ಲಿರಲಿ. ಅವರ ವಿಮೆ ಕೊಡುವುದು ವಸ್ತುವಿನ ಇಂದಿನ ಬೆಲೆಯನ್ನು, ಹೊಸದರ ಬೆಲೆಯನ್ನಲ್ಲ. ಹಳೆಯ ಲ್ಯಾಪ್‌ಟಾಪಿಗೆ ಬರುವ ಮೊತ್ತ ನೋಡಿ ನಿಮಗೆ ನಗು ಬಂದೀತು. ಹಾರ್ಮೋನಿಯಮ್ಮಿಗೆ ರಸೀದಿ ಇಲ್ಲದಿದ್ದರೆ ಮಾರಿದ ಅಂಗಡಿಯವರಿಂದ ಬೆಲೆ ಬರೆಸಿ ತರಿಸಿ. ನೀವು ಅದನ್ನು ನುಡಿಸುತ್ತಿರುವ ಹಳೆಯ ಫೋಟೊ ಇದ್ದರೂ ಆದೀತು. ನಿಮ್ಮದೇ ಹೌಸ್‌ರಾಟ್, ಅಂದರೆ ಮನೆಸಾಮಾನಿನ ವಿಮೆ ಇದ್ದರೆ ಮೊದಲು ಅಲ್ಲಿಗೆ ಹೋಗಿ, ಸಾಮಾನ್ಯವಾಗಿ ಅದು ಹೊಸದರ ಬೆಲೆ ಕೊಡುತ್ತದೆ.

ಇಲ್ಲಿನ ನಾಗರಿಕ ಸಂಹಿತೆಯ 823ನೇ ಕಲಮಿನಂತೆ ಉದ್ದೇಶ ಅಥವಾ ಅಜಾಗರೂಕತೆ ಇದ್ದಾಗಲೇ ಪರಿಹಾರ. 'ನಮ್ಮ ಗ್ರಾಹಕರ ತಪ್ಪಿಲ್ಲ' ಎಂದು ಕಂಪನಿ ನುಣುಚಿಕೊಂಡರೆ, ಮಷಿನ್ ಓಡುವಾಗ ಆ ನೆರೆಯವರು ಮನೆಯಲ್ಲಿದ್ದರೇ ಎಂದು ಕೇಳಿ, ದಿನಾಂಕ ನಮೂದಿಸಿ ಉತ್ತರಕ್ಕೆ ಗಡುವು ಕೊಡಿ. ಓಡುವ ಮಷಿನ್ ಬಿಟ್ಟು ಹೊರಗೆ ಹೋಗಿದ್ದರೆ ಅದೇ ಅಜಾಗರೂಕತೆ ಎನಿಸಬಹುದು. ಎಲ್ಲವೂ ಕಾಗದದಲ್ಲಿರಲಿ, ಫೋನಿನಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ. ಹಕ್ಕು ಸಾಮಾನ್ಯವಾಗಿ ಮೂರು ವರ್ಷ ಉಳಿಯುತ್ತದೆ, ಅದೂ ಆ ವರ್ಷದ ಕೊನೆಯಿಂದ ಲೆಕ್ಕ.

ಈ ವಾರವೇ ನೀವೂ ಹಾಫ್ಟ್‌ಫ್ಲಿಖ್ಟ್ ಮಾಡಿಸಿಕೊಳ್ಳಿ. ನಿಮ್ಮ ಮಗನಿಗೆ ಐದು ವರ್ಷ ಎಂದಿರಿ. ಏಳು ತುಂಬದ ಮಗು ಯಾರದೋ ಕಾರು ಗೀಚಿದರೆ ಕಾನೂನಿನಲ್ಲಿ ಮಗು ಹೊಣೆಯಲ್ಲ. ನೀವು ಕಣ್ಣಿಟ್ಟಿದ್ದರೆ ನೀವೂ ಅಲ್ಲ. ಆದರೂ ಕಾರಿನವರೊಂದಿಗೆ ಚೆನ್ನಾಗಿರಬೇಕಲ್ಲ? ಅಂಥ ಮಕ್ಕಳ ಹಾನಿಯನ್ನೂ ಸೇರಿಸಿಕೊಳ್ಳುವ ಪಾಲಿಸಿಯನ್ನೇ ಕೇಳಿ ತೆಗೆದುಕೊಳ್ಳಿ.