‘ಓಕೆ’ ಯುದ್ಧದಲ್ಲಿ ಹುಟ್ಟಿದ್ದಲ್ಲ, ದಯವಿಟ್ಟು ಬಿಟ್ಟುಬಿಡಿ

ಪ್ರಶ್ನೆ: ಅಮೆರಿಕದ ಅಂತರ್ಯುದ್ಧದಲ್ಲಿ ಯಾರೂ ಸಾಯದ ದಿನ ಸೈನಿಕರು ‘0 K’, ಅಂದರೆ ‘ಜೀರೋ ಕಿಲ್ಡ್’ ಎಂದು ಹಲಗೆಯ ಮೇಲೆ ಬರೆಯುತ್ತಿದ್ದರಂತೆ. ‘ಓಕೆ’ ಬಂದದ್ದು ಅದರಿಂದಲೇ?

ಅಲ್ಲ. ಇದೇ ಪ್ರಶ್ನೆ ಬೇರೆ ಬೇರೆ ಹೆಸರಲ್ಲಿ ಬರುತ್ತಲೇ ಇದೆ, ಹಾಗಾಗಿ ಈ ಸಲ ಪೂರ್ತಿ ಹೇಳಿಬಿಡುತ್ತೇನೆ. ಅಂತರ್ಯುದ್ಧ ಶುರುವಾದದ್ದು 1861ರಲ್ಲಿ. ‘ಓಕೆ’ 1839ರ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ನಲ್ಲೇ ಅಚ್ಚಾಗಿದೆ. ಮಗ ಹುಟ್ಟಿ ಇಪ್ಪತ್ತೆರಡು ವರ್ಷವಾದ ಮೇಲೆ ಅಪ್ಪ ಹುಟ್ಟಿದ ಎಂದ ಹಾಗಾಯಿತು.

ಆಗ ಬಾಸ್ಟನ್ನಿನ ಪತ್ರಿಕೆಯವರಿಗೆ ಒಂದು ಚಟ ಹತ್ತಿತ್ತು. ಮಾತುಗಳನ್ನು ಬರೀ ಮೊದಲಕ್ಷರಕ್ಕೆ ಇಳಿಸುವುದು, ಅದೂ ಬೇಕೆಂದೇ ಸ್ಪೆಲ್ಲಿಂಗ್ ಕೆಡಿಸಿ. ‘ಆಲ್ ರೈಟ್’ ಅವರ ಕೈಯಲ್ಲಿ ‘oll wright’ ಆಗಿ, ‘ಓ.ಡಬ್ಲ್ಯು.’ ಆಗಿತ್ತು. ‘ಆಲ್ ಕರೆಕ್ಟ್’ ಅದೇ ಧಾಟಿಯಲ್ಲಿ ‘oll korrect’ ಆಗಿ, ‘ಓ.ಕೆ.’ ಆಯಿತು. ಗಂಟೆ ಬಾರಿಸುವುದನ್ನು ವಿರೋಧಿಸುವ ಸಂಘವೊಂದರ ವಿಷಯದಲ್ಲಿ ಪ್ರಾವಿಡೆನ್ಸ್ ನಗರದ ಪತ್ರಿಕೆಯೊಂದನ್ನು ಕೆಣಕಲು ಬರೆದ ಪುಟ್ಟ ಬರಹ ಆ ಮಾರ್ಚ್ 23ರದ್ದು. ‘ಓ.ಕೆ.’ ಎಂದು ಬರೆದು, ಪಕ್ಕದಲ್ಲೇ ‘ಆಲ್ ಕರೆಕ್ಟ್’ ಎಂದು ಬಿಡಿಸಿಯೂ ಹೇಳಿದ್ದಾರೆ. ಇದಕ್ಕಿಂತ ಸಾಕ್ಷಿ ಬೇಕೆ? ಹಳೆಯ ಪತ್ರಿಕೆಗಳನ್ನು ಜಾಲಾಡಿ ಇದನ್ನು ಹೊರತೆಗೆದವರು ಕೊಲಂಬಿಯಾ ವಿಶ್ವವಿದ್ಯಾಲಯದ ಆಲನ್ ವಾಕರ್ ರೀಡ್. 1963–64ರಲ್ಲೇ ‘ಅಮೆರಿಕನ್ ಸ್ಪೀಚ್’ ನಿಯತಕಾಲಿಕದಲ್ಲಿ ಪ್ರಕಟಿಸಿದರು. ಆದರೂ ಜನಕ್ಕೆ ಬೇಕಾದದ್ದು ಹೆಣಗಳ ಲೆಕ್ಕವೇ.

ಈ ತಮಾಷೆ ಉಳಿದದ್ದು 1840ರ ಚುನಾವಣೆಯ ದೆಸೆಯಿಂದ. ಮರು ಆಯ್ಕೆಗೆ ನಿಂತಿದ್ದ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್ ಊರಿನವರು. ‘ಓಲ್ಡ್ ಕಿಂಡರ್‌ಹುಕ್’ ಎಂಬ ಅಡ್ಡಹೆಸರಿನ ಮೊದಲಕ್ಷರ ಹಿಡಿದು ಬೆಂಬಲಿಗರು ‘ಓ.ಕೆ. ಕ್ಲಬ್’ ಕಟ್ಟಿದರು. ವಿರೋಧಿಗಳು ಬಿಡುತ್ತಾರೆಯೇ? ಹಿಂದಿನ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್‌ಗೆ ಸ್ಪೆಲ್ಲಿಂಗೇ ಬಾರದು, ಕಡತಗಳ ಮೇಲೆ ‘ಓ.ಕೆ.’ ಎಂದು ಗೀಚುತ್ತಿದ್ದದ್ದು ಅವರೇ ಎಂದು ಕಥೆ ಕಟ್ಟಿದರು. ಆ ಸುಳ್ಳನ್ನೂ ಕೆಲವರು ನನಗೆ ‘ಮಾಹಿತಿಗಾಗಿ’ ಕಳಿಸುತ್ತಾರೆ. ವ್ಯಾನ್ ಬ್ಯೂರೆನ್ ಸೋತರು. ಅಷ್ಟರಲ್ಲಿ ಪದ ದೇಶದ ಬಾಯಿಗೆ ಬಿದ್ದಿತ್ತು. ಪಾಪ, ‘ಓ.ಡಬ್ಲ್ಯು.’ ಪರವಾಗಿ ಯಾರೂ ಚುನಾವಣೆಗೆ ನಿಲ್ಲಲಿಲ್ಲ.

ಪ್ರಶ್ನೆ: ‘ಓಕೆ’ ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಬುಡಕಟ್ಟಿನ ಪದವಲ್ಲವೇ? ಅಧ್ಯಕ್ಷ ವುಡ್ರೋ ವಿಲ್ಸನ್ ಕೂಡ ಹಾಗೇ ಬರೆಯುತ್ತಿದ್ದರಲ್ಲ?

ಬರೆಯುತ್ತಿದ್ದರು, ‘ಓಕೆಹ್’ ಎಂದು. ಅಧ್ಯಕ್ಷರು ನಂಬಿದರೆಂದು ವ್ಯುತ್ಪತ್ತಿ ಬದಲಾಗುವುದಿಲ್ಲ. ಗ್ರೀಕಿನ ‘ಓಲಾ ಕಲಾ’ (ಎಲ್ಲ ಚೆನ್ನಾಗಿದೆ) ಎಂಬುದರಿಂದ ಬಂತು ಎನ್ನುವವರಿಗೂ ಇದೇ ಉತ್ತರ: ಸದ್ದು ಹೊಂದಿದ ಮಾತ್ರಕ್ಕೆ ನಂಟು ಬೆಳೆಯದು, ದಾಖಲೆ ತೋರಿಸಿ.

ಪ್ರಶ್ನೆ: ‘ಸಿನಿಮಾ ಓಕೆ’ ಎಂದರೆ ಹೊಗಳಿಕೆಯೋ ತೆಗಳಿಕೆಯೋ?

ಎರಡೂ ಅಲ್ಲ, ‘ಪರವಾಗಿಲ್ಲ’ ಎಂದಷ್ಟೆ. ಅದೇ ಪದ ಕಡತದ ಮೇಲೆ ಬಿದ್ದರೆ ಒಪ್ಪಿಗೆ.

ಪ್ರಶ್ನೆ: ‘ನ್ಯೂಸ್’ ಎಂದರೆ ನಾಲ್ಕು ದಿಕ್ಕುಗಳ ಮೊದಲಕ್ಷರವಂತೆ?

ಅಲ್ಲ. ‘ನ್ಯೂ’ ಎಂಬುದರ ಬಹುವಚನ, ಅಂದರೆ ಹೊಸ ಸಂಗತಿಗಳು. ಇದನ್ನು ಇನ್ನೂ ಮಕ್ಕಳಿಗೆ ಕಲಿಸುತ್ತಿರುವ ಮೇಷ್ಟ್ರುಗಳಿಗೆ ನಮಸ್ಕಾರ.

ಪ್ರಶ್ನೆ: ‘ಗಾಲ್ಫ್’ ಎಂದರೆ ‘ಜಂಟಲ್‌ಮೆನ್ ಓನ್ಲಿ, ಲೇಡೀಸ್ ಫರ್ಬಿಡನ್’ (ಗಂಡಸರಿಗೆ ಮಾತ್ರ, ಹೆಂಗಸರಿಗೆ ನಿಷೇಧ) ಎಂಬುದರ ಸಂಕ್ಷೇಪವೇ?

1457ರಲ್ಲೇ ಸ್ಕಾಟ್ಲೆಂಡಿನ ಸಂಸತ್ತು ಈ ಆಟವನ್ನು ಹೆಸರು ಹಿಡಿದು ನಿಷೇಧಿಸಿತ್ತು. ಮೊದಲಕ್ಷರ ಜೋಡಿಸಿ ಒಂದೇ ಪದವಾಗಿ ಓದುವ ಚಾಳಿ ಇಂಗ್ಲಿಷಿನಲ್ಲಿ ಬೆಳೆದದ್ದು ಇಪ್ಪತ್ತನೇ ಶತಮಾನದಲ್ಲಿ. ‘ಓಕೆ’ಯನ್ನೂ ಅಕ್ಷರ ಬಿಡಿಸಿಯೇ ಓದುತ್ತೇವೆ, ಗಮನಿಸಿ. ಇಪ್ಪತ್ತನೇ ಶತಮಾನಕ್ಕಿಂತ ಹಳೆಯ ಪದಕ್ಕೆ ಯಾರಾದರೂ ಇಂಥ ಬಿಡಿಸಿದ ರೂಪ ಕೊಟ್ಟರೆ ನನಗೆ ಕಳಿಸಬೇಡಿ.